ಹವಾಯಿ ಚಪ್ಪಲಿಯೂ ಲಾಹೈನಾದ ಆಲದ ಮರವೂ

ಹವಾಯಿ ಅನ್ನುವುದು ಒಂದು ಜಾಗದ ಹೆಸರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಅದು ಬಚ್ಚಲುಮನೆಗೆ ಮೆಟ್ಟಿಕೊಂಡು ಹೋಗುವ ವಸ್ತುವಿನ ಹೆಸರಾಗಿತ್ತು. ನೀಲಿ ಬಾರು, ಬಿಳಿ ಅಟ್ಟೆ, ಮಳೆಗಾಲ ಬಂತೆಂದರೆ ಅಂಗಿಯ ಬೆನ್ನಿಗೆಲ್ಲ ಕೆಸರಿನ ಚುಕ್ಕಿ. ನಮ್ಮ ಕಾಲದ ಹುಡುಗರೆಲ್ಲ ಬೆನ್ನಿಗೆ ಹವಾಯಿಯ ಮುದ್ರೆ ಒತ್ತಿಸಿಕೊಂಡೇ ವಿದ್ಯಾವಂತರಾದವರು. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿರುವ ಮಗ ಫೋನು ಮಾಡಿ, "ಅಪ್ಪ, ಈ ಸಲ ನಿಮ್ಮಿಬ್ಬರನ್ನೂ ಹವಾಯಿಗೆ ಕರ್ಕೊಂಡ್ ಹೋಗ್ತೀನಿ" ಎಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಗಾಂಧಿಬಜಾರಿಗೆ ಹೋಗಿ ಒಂದು ಜೊತೆ ಹೊಸ ಹವಾಯಿ ಚಪ್ಪಲಿ ತಂದದ್ದು.

"ಅಲ್ಲಿ ಸಿಗುವುದಿಲ್ವಾ?" ಎಂದು ಹೆಂಡತಿ ಕೇಳಿದಳು.

"ಸಿಗುತ್ತೆ. ಡಾಲರಿನಲ್ಲಿ" ಎಂದೆ. ಮಾತು ಅಲ್ಲಿಗೆ ಮುಗಿಯಿತು.

ಹವಾಯಿ ಅಂದರೆ ಒಂದೇ ದ್ವೀಪವಲ್ಲ, ಪೆಸಿಫಿಕ್ ಸಾಗರದ ನಟ್ಟನಡುವೆ ಚದುರಿಕೊಂಡಿರುವ ದ್ವೀಪಗಳ ಸಾಲು. ನಾವು ಹೋದದ್ದು ಮಾವಿ ಎಂಬ ದ್ವೀಪಕ್ಕೆ, ಅದರ ಪಶ್ಚಿಮದ ಕರಾವಳಿಯಲ್ಲಿದ್ದ ಲಾಹೈನಾ ಎಂಬ ಹಳೆಯ ಊರಿಗೆ. ‘ಇದ್ದ’ ಎಂದು ಬರೆಯಬೇಕಾಗಿ ಬಂದದ್ದು ಏಕೆಂದು ನಿಮಗೂ ಗೊತ್ತಿರಬಹುದು, ಟೀವಿಯಲ್ಲಿ ನೋಡಿರುತ್ತೀರಿ. ಅದಕ್ಕೆ ಆಮೇಲೆ ಬರೋಣ. ಸದ್ಯ ಊರು ಇನ್ನೂ ಇದೆ, ನಾನೂ ಹೆಂಡತಿಯೂ ಅದರ ಬಿಸಿಲಿನಲ್ಲಿ ನಡೆಯುತ್ತಿದ್ದೇವೆ, ನನ್ನ ಚಪ್ಪಲಿಯೂ ನೆಟ್ಟಗಿದೆ.

ಊರೆಂದರೆ ಮುಖ್ಯವಾಗಿ ಒಂದು ಬೀದಿ, ಫ್ರಂಟ್ ಸ್ಟ್ರೀಟ್. ಒಂದು ಮಗ್ಗುಲಿಗೆ ಸಮುದ್ರ, ಅದಕ್ಕೊಂದು ತಗ್ಗು ಗೋಡೆ. ಇನ್ನೊಂದು ಮಗ್ಗುಲಿಗೆ ಮರದ ಜಗಲಿಗಳಿರುವ ಹಳೆಯ ಕಟ್ಟಡಗಳು. 1820ರಿಂದ 1845ರವರೆಗೆ ಇದು ಹವಾಯಿಯ ಅರಸರ ರಾಜಧಾನಿ. ಆ ಕಾಲದಲ್ಲಿ ತಿಮಿಂಗಿಲ ಬೇಟೆಯ ಹಡಗುಗಳು ಇಲ್ಲಿ ಬಂದು ಲಂಗರು ಹಾಕುತ್ತಿದ್ದವು. ಆಗ ತಿಮಿಂಗಿಲವನ್ನು ಕೊಲ್ಲಲು ಬರುತ್ತಿದ್ದರು, ಈಗ ನೋಡಲು ಬರುತ್ತಾರೆ. ಚಳಿಗಾಲದಲ್ಲಿ ಅವು ಉತ್ತರದ ತಣ್ಣನೆಯ ಕಡಲಿನಿಂದ ಬಾಣಂತನಕ್ಕೆಂದು ಇಲ್ಲಿಗೆ ಇಳಿದು ಬರುತ್ತವೆ. ದೋಣಿಯಲ್ಲಿ ಹತ್ತಿರ ಹೋಗಿ ನೋಡಬಹುದು. ಆದರೆ ನಮ್ಮವಳಿಗೆ ಕನ್ಯಾಕುಮಾರಿಯ ವಿವೇಕಾನಂದ ಬಂಡೆಗೆ ಹೋಗುವ ದೋಣಿಯಲ್ಲೇ ಹೊಟ್ಟೆ ತೊಳಸಿತ್ತು. ಹಾಗಾಗಿ ನಾವು ದಡದಲ್ಲೇ ನಿಂತು, ದೂರದಲ್ಲಿ ಬುಸ್ಸೆಂದು ಎದ್ದ ನೀರಹಬೆಯನ್ನು ಕಂಡು, ಕೆಳಗೆ ತಿಮಿಂಗಿಲ ಇದ್ದೇ ಇದೆ ಎಂದು ನಂಬಿ ಕೈಮುಗಿದೆವು. ಎಷ್ಟೋ ದೇವಸ್ಥಾನಗಳಲ್ಲಿ ಇದಕ್ಕಿಂತ ಕಡಿಮೆ ದರ್ಶನಕ್ಕೆ ತೃಪ್ತಿಪಟ್ಟಿದ್ದೇವೆ.

ಚಪ್ಪಲಿ ಕಿತ್ತದ್ದು ಆ ಬೀದಿಯ ಮಧ್ಯದಲ್ಲಿ. ಹೆಬ್ಬೆರಳ ಸಂದಿಯ ಬಾರು ಅಟ್ಟೆಯ ತೂತಿನಿಂದ ಪಟ್ಟೆಂದು ಕಿತ್ತುಬಂತು. ಲಾಹೈನಾದ ಬಿಸಿಲು ಸಾಮಾನ್ಯದ್ದಲ್ಲ, ರಾಯಚೂರಿನವರೂ ಮರ್ಯಾದೆ ಕೊಡುವಂಥದ್ದು. ಬರಿಗಾಲು ಊರಿದರೆ ಸುಡುತ್ತದೆ, ಊರದಿದ್ದರೆ ಕುಂಟಬೇಕು. ಸೊಸೆ ಮುಖ ಆಚೆ ತಿರುಗಿಸಿ ನಕ್ಕಳು. ಮಗನಿಗೆ ಮಾತ್ರ ನಗು ಬರಲಿಲ್ಲ, ಅಪ್ಪ ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಚಪ್ಪಲಿ ಕೈಯಲ್ಲಿ ಹಿಡಿದು ಅಮೆರಿಕದಲ್ಲಿ ಕುಪ್ಪಳಿಸುವುದು ಅವನ ವೀಸಾಕ್ಕೇ ಕುಂದೆಂಬಂತೆ, "ನೀವು ಆ ಮರದ ಕೆಳಗೆ ಕೂತಿರಿ, ನಾನು ಬೇರೆ ತರ್ತೀನಿ" ಎಂದು ಸೊಸೆಯನ್ನೂ ಕರೆದುಕೊಂಡು ಅಂಗಡಿ ಹುಡುಕಲು ಹೋದ.

ಹೀಗೆ ನಾವು ಲಾಹೈನಾದ ಆಲದ ಮರವನ್ನು ನೋಡಿದ್ದು. ನೋಡಬೇಕೆಂದು ಹೋದದ್ದಲ್ಲ. ಸಪ್ತಸಾಗರ ದಾಟಿ, ವಿಮಾನದಲ್ಲಿ ಕಾಲು ಬಾತುಕೊಂಡು, ಒಂದು ಆಲದ ಮರ ನೋಡಲು ಯಾರಾದರೂ ಹೋಗುತ್ತಾರೆಯೇ? ನಮ್ಮ ಕೇತೋಹಳ್ಳಿಯ ದೊಡ್ಡಾಲದ ಮರಕ್ಕೇ ನಾನು ಹೋದದ್ದು, ನೆಂಟರು ಬಂದು ‘ಬೆಂಗಳೂರಿನಲ್ಲಿ ನೋಡೋದಕ್ಕೆ ಇನ್ನೇನಿದೆ’ ಎಂದು ಪಟ್ಟು ಹಿಡಿದಾಗ. ಅಲ್ಲಿ ಕೋತಿಯೊಂದು ಅತ್ತಿಗೆಯ ಕೈಯಿಂದ ಚಕ್ಕುಲಿ ಪೊಟ್ಟಣ ಕಿತ್ತುಕೊಂಡು ಹೋಯಿತು ಅನ್ನುವುದಷ್ಟೇ ನೆನಪು. ಸುಮಾರು ನಾನೂರು ವರ್ಷದ ಮರ, ಮೂರು ಎಕರೆ ಹಬ್ಬಿದೆ, ಮೂಲ ಕಾಂಡ ರೋಗ ತಗುಲಿ ಹೋಗಿಬಿಟ್ಟರೂ ಬಿಳಲುಗಳೇ ಮರವಾಗಿ ನಿಂತಿವೆ ಎಂದೆಲ್ಲ ಫಲಕದಲ್ಲಿ ಬರೆದದ್ದನ್ನು ಓದುವಷ್ಟು ಪುರಸೊತ್ತನ್ನು ಆ ಕೋತಿ ಕೊಡಲಿಲ್ಲ.

ಇಲ್ಲಿ ಕೋತಿ ಇರಲಿಲ್ಲ, ಚಕ್ಕುಲಿಯೂ ಇರಲಿಲ್ಲ. ಹಾಗಾಗಿ ಓದಿದೆ. 1873ರ ಏಪ್ರಿಲ್ 24ರಂದು, ಲಾಹೈನಾಕ್ಕೆ ಕ್ರೈಸ್ತ ಮಿಶನರಿಗಳು ಬಂದು ಐವತ್ತು ವರ್ಷವಾದ ನೆನಪಿಗೆ ವಿಲಿಯಂ ಓವೆನ್ ಸ್ಮಿತ್ ಎಂಬ ಶೆರಿಫ್ ನೆಟ್ಟ ಸಸಿ ಇದು. ಸಸಿ ಬಂದದ್ದು ಭಾರತದಿಂದ. ನೆಡುವಾಗ ಎಂಟು ಅಡಿ ಎತ್ತರವಿತ್ತು. ನಾವು ನೋಡುವಾಗ ಅರುವತ್ತು ಅಡಿ, ನೆರಳು ಮುಕ್ಕಾಲು ಎಕರೆಗೆ ತುಸು ಕಡಿಮೆ. ಬಿಳಲುಗಳು ಎಲ್ಲೆಂದರಲ್ಲಿ ಇಳಿಯದೆ ಸಮವಾಗಿ ಇಳಿಯಲೆಂದು ಊರಿನವರು ಅವಕ್ಕೆ ನೀರು ತುಂಬಿದ ಗಾಜಿನ ಜಾಡಿಗಳನ್ನು ಕಟ್ಟುತ್ತಿದ್ದರಂತೆ. ಇದನ್ನು ಓದಿ ನನಗೆ ಆ ಊರಿನವರ ಮೇಲೆ ಗೌರವ ಬಂತು. ನಮ್ಮಲ್ಲಿ ಆಲ ತಾನಾಗಿ ಬೆಳೆಯುವುದು, ನಾವು ಅದಕ್ಕೆ ಕಟ್ಟುವುದು ದಾರ, ಇಲ್ಲವೇ ಪಂಚಾಯಿತಿ ಚುನಾವಣೆಯ ಬ್ಯಾನರು.

ನಮ್ಮವಳು ಮಾತ್ರ ಫಲಕ ಓದಲಿಲ್ಲ. ಅವಳು ಉಡುಪಿ ಕಡೆಯವಳು, ಪಿನ್ನಿಲ್ಲದೆ ಹೊಸ್ತಿಲು ದಾಟಿದವಳಲ್ಲ. ಬಳೆಗೆ ಸಿಕ್ಕಿಸಿದ್ದ ಒಂದನ್ನು ಬಿಡಿಸಿ, ಬಾರಿನ ಗುಂಡಿಯನ್ನು ತೂತಿನೊಳಗೆ ಮತ್ತೆ ತೂರಿಸಿ, ಅಟ್ಟೆಯ ಅಡಿಯಲ್ಲಿ ಅಡ್ಡಲಾಗಿ ಪಿನ್ನು ಚುಚ್ಚಿ ಬೀಗ ಹಾಕಿದಳು. ಅದೇ ಬೆಂಚಿನ ಆ ತುದಿಯಲ್ಲಿ ಮೊಣಕಾಲಿನ ಚಡ್ಡಿ ಹಾಕಿದ್ದ ಒಬ್ಬ ಮುದುಕರು ಕೂತು ಇದನ್ನೇ ನೋಡುತ್ತಿದ್ದರು. ಸ್ಥಳೀಯರು. ಮುಗಿದ ಮೇಲೆ ತಲೆದೂಗಿ, "ನಾವು ಬ್ರೆಡ್ ಪೊಟ್ಟಣದ ಬಾಯಿಗೆ ಹಾಕಿರುತ್ತಾರಲ್ಲ, ಆ ಪ್ಲಾಸ್ಟಿಕ್ ಕ್ಲಿಪ್ ಸಿಕ್ಕಿಸುತ್ತೇವೆ. ಆದರೆ ಇದು ಇನ್ನೂ ಗಟ್ಟಿ" ಎಂಬರ್ಥದ ಮಾತನ್ನು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ಉಳಿದ ಅಮೆರಿಕದವರು ಈ ಚಪ್ಪಲಿಯನ್ನು ಇನ್ನೇನೋ ಅಂತಾರೆ, ಇವರು ನಮ್ಮ ಹಾಗೆ ಸ್ಲಿಪ್ಪರ್ ಅಂತಾರೆ. ಮನೆಯೊಳಗೆ ಯಾರೂ ಮೆಟ್ಟಿಕೊಂಡು ಬರುವುದಿಲ್ಲ, ಬಾಗಿಲ ಹೊರಗೇ ಬಿಡಬೇಕು ಎಂದೂ ಹೇಳಿದರು. ಸೋಫಾದ ಮೇಲೆ ಬೂಟುಗಾಲು ಹಾಕುವ ದೇಶಕ್ಕೆ ಬಂದಿದ್ದೇವೆಂದು ಅಲ್ಲಿಯವರೆಗೆ ಬಿಗಿಯಾಗಿ ಕೂತಿದ್ದ ನಮ್ಮವಳು ಸಡಿಲವಾದಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. "ಇದು ನಮ್ಮ ಜೀಗುಜ್ಜೆಯಲ್ವಾ ಮಾರಾಯ್ರೆ!" ಎಂದು ಬೀದಿಯಾಚೆಯ ಒಂದು ಮರ ತೋರಿಸಿದಳು. ಹೌದು, ಜೀಗುಜ್ಜೆಯೇ. ಅವರು ಅದನ್ನು ಉಲು ಎನ್ನುತ್ತಾರೆ. ಈ ಊರು ಹಿಂದೆ ಅದರ ತೋಪಿಗೇ ಹೆಸರಾಗಿತ್ತಂತೆ. ಪೋಡಿ ಮಾಡುತ್ತೀರಾ ಎಂದು ಕೇಳಿದಳು. ಅವರು ಸುಡುತ್ತಾರಂತೆ. ಆ ಬಗ್ಗೆ ಅವಳಿಗೆ ಸ್ವಲ್ಪ ಅಸಮಾಧಾನವಾಯಿತು. ಕೆಸುವಿನ ಗಡ್ಡೆಯನ್ನು ಬೇಯಿಸಿ ಅರೆದು ಪೋಯಿ ಎಂದು ತಿನ್ನುತ್ತಾರೆ, ಕೆಸುವಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸುತ್ತಾರೆ. "ಪತ್ರೊಡೆ! ಒಳಗೆ ಅಕ್ಕಿ ಹಾಕುವ ಬದಲು ಹಂದಿ ಹಾಕಿದ್ದಾರೆ, ಅಷ್ಟೇ" ಎಂದು ಅವಳು ನನಗೆ ಕನ್ನಡದಲ್ಲಿ ಸಾರಾಂಶ ಕೊಟ್ಟಳು. ಮುದುಕರು ಒಂದು ಕಥೆಯನ್ನೂ ಹೇಳಿದರು. ಅವರ ಪುರಾಣದಲ್ಲಿ ಸತ್ತು ಹುಟ್ಟಿದ ಮೊದಲ ಮಗುವನ್ನು ಮಣ್ಣು ಮಾಡಿದ ಜಾಗದಲ್ಲಿ ಕೆಸು ಹುಟ್ಟಿತು, ಎರಡನೆಯ ಮಗುವಿನಿಂದ ಹವಾಯಿಯ ಜನ ಹುಟ್ಟಿದರು. ಹಾಗಾಗಿ ಕೆಸು ಅವರಿಗೆ ಹಿರಿಯಣ್ಣ. ಅಣ್ಣನನ್ನು ತಿನ್ನುತ್ತಾರಲ್ಲ ಎಂದು ನಾನು ಕೇಳಬೇಕೆಂದಿದ್ದೆ, ನಮ್ಮವಳ ಕಣ್ಣು ನೋಡಿ ಸುಮ್ಮನಾದೆ. ಅಣ್ಣಂದಿರನ್ನು ತಿಂದು ಬೆಳೆಯದ ತಮ್ಮಂದಿರು ಯಾವ ದೇಶದಲ್ಲಿದ್ದಾರೆ?

ಸಂಜೆಯಾಗುತ್ತಿದ್ದಂತೆ ಮರದೊಳಗೆ ಗದ್ದಲ ಶುರುವಾಯಿತು. ಗೊರವಂಕಗಳು. ನೂರಾರೋ ಸಾವಿರಾರೋ, ಎದುರಿಗೆ ಕೂತವರ ಮಾತು ಕೇಳಿಸದಷ್ಟು. ಇವೂ ನಮ್ಮ ಕಡೆಯವೇ. 1865ರಲ್ಲಿ ವಿಲಿಯಂ ಹಿಲೆಬ್ರಾಂಡ್ ಎಂಬ ವೈದ್ಯರು ಬೆಳೆ ತಿನ್ನುವ ಹುಳುಗಳನ್ನು ಹಿಡಿಯಲೆಂದು ಭಾರತದಿಂದ ತರಿಸಿದ್ದು. ಕಬ್ಬಿನ ಗದ್ದೆಯ ಇಲಿ ಹಿಡಿಯಲು 1883ರಲ್ಲಿ ಮುಂಗುಸಿಯನ್ನೂ ತರಿಸಿದರು, ಅದು ಮೂಲದಲ್ಲಿ ಕಲ್ಕತ್ತೆಯ ಮುಂಗುಸಿ, ಜಮೈಕಾ ಸುತ್ತಿಕೊಂಡು ಬಂದದ್ದು. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಕೆಲಸ ಮಾಡುವುದು ಹಗಲು. ಎರಡೂ ಪರಸ್ಪರ ಮುಖ ನೋಡದೆ ಸುಖವಾಗಿ ವಂಶ ಬೆಳೆಸಿದವು, ಕೆಟ್ಟದ್ದು ನೆಲದ ಮೇಲೆ ಗೂಡು ಕಟ್ಟುತ್ತಿದ್ದ ಹಕ್ಕಿಗಳ ಗತಿ. ಯಾವುದೋ ಸಮಿತಿ ಕೂತು, ಶಿಫ್ಟು ನೋಡದೆ ನೇಮಕಾತಿ ಮಾಡಿದ ಹಾಗಿದೆ. ಮುದುಕರಿಗೆ ಗೊರವಂಕದ ಗದ್ದಲ ಸಹಿಸಲಾಗುತ್ತಿರಲಿಲ್ಲ. "ನಿಮ್ಮವು" ಎಂದು ನಮ್ಮತ್ತ ನೋಡಿ ಕೈ ತಿರುಗಿಸಿದರು. ಮರವೂ ನಮ್ಮಲ್ಲಿಂದಲೇ ಬಂತಲ್ಲ ಎಂದೆ. ಒಪ್ಪಿಕೊಂಡರು.

ಅಲ್ಲೇ ಮರದಡಿ ಕಲಾವಿದರ ಸಂತೆ ನಡೆಯುತ್ತಿತ್ತು. ಚಿಪ್ಪಿನ ಸರವೊಂದನ್ನು ನಮ್ಮವಳು ಕೈಯಲ್ಲಿ ಹಿಡಿದು ಅರ್ಧ ಬೆಲೆಗೆ ಕೇಳಿದಳು. ಮಾರುವಾಕೆಗೆ ಚೌಕಾಸಿ ಎಂಬ ವಿದ್ಯೆ ಹೊಸದು, ಪಾಪ, ಏನೋ ತಪ್ಪು ತಿಳಿದು ತಾನೇ ಕ್ಷಮೆ ಕೇಳಿದಳು. ಅಷ್ಟರಲ್ಲಿ ಮಗ ಹೊಸ ಚಪ್ಪಲಿ ತಂದ. ಬೆಲೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುದುಕರಿಗೆ ಕೈಬೀಸಿ ಹೊರಟೆವು. ಹೆಸರು ಕೇಳಿರಲಿಲ್ಲ, ಬೆಂಚಿನ ಮೇಲೆ ಸಿಕ್ಕವರ ಹೆಸರನ್ನು ಯಾರು ಕೇಳುತ್ತಾರೆ.

2023ರ ಆಗಸ್ಟ್ 8ರಂದು ಆ ಊರು ಸುಟ್ಟುಹೋಯಿತು. ಅವರ ಮಧ್ಯಾಹ್ನ ಮೂರೂವರೆ ಅಂದರೆ ನಮ್ಮ ಮರುದಿನದ ಬೆಳಿಗ್ಗೆ ಏಳು. ಆ ಹೊತ್ತಿಗೆ ನಾನು ಎರಡನೆಯ ಕಾಫಿ ಕೇಳಿ ಬೈಸಿಕೊಳ್ಳುತ್ತಿರುತ್ತೇನೆ. ದೂರದ ದಕ್ಷಿಣದಲ್ಲಿ ಡೋರಾ ಎಂಬ ಚಂಡಮಾರುತ ಹಾದುಹೋಗುತ್ತಿತ್ತು, ಊರಿನ ಬೆನ್ನಿಗಿರುವ ಬೆಟ್ಟದಿಂದ ಗಾಳಿ ಸಮುದ್ರದ ಕಡೆಗೆ ಬೀಸಿ ಹೊಡೆಯಿತು. ಬೆಳಿಗ್ಗೆ ವಿದ್ಯುತ್ ತಂತಿ ಬಿದ್ದು ಹತ್ತಿದ ಬೆಂಕಿಯನ್ನು ಆರಿಸಿದ್ದರು. ಆರಿತೆಂದುಕೊಂಡಿದ್ದರು. ಮಧ್ಯಾಹ್ನ ಅದೇ ಕೆಂಡ ಮತ್ತೆ ಎದ್ದಿತು ಎಂದು ತನಿಖೆ ಹೇಳಿತು. ಊರಿನ ಸೈರನ್ನುಗಳು ಕೂಗಲಿಲ್ಲ. ಫ್ರಂಟ್ ಸ್ಟ್ರೀಟಿನಲ್ಲಿ ಕಾರುಗಳು ಒಂದರ ಹಿಂದೊಂದು ಸಿಕ್ಕಿಹಾಕಿಕೊಂಡು, ಜನ ಆ ತಗ್ಗು ಗೋಡೆ ಹಾರಿ ಸಮುದ್ರಕ್ಕಿಳಿದು ಗಂಟೆಗಟ್ಟಲೆ ನೀರಿನಲ್ಲಿ ನಿಂತರು. ಸತ್ತವರು 102. ಹೋದ ಕಟ್ಟಡಗಳು 2,200ಕ್ಕೂ ಹೆಚ್ಚು.

ಬೆಂಕಿಗೆ ಮೇವಾದದ್ದು ಹುಲ್ಲು. ಅದರಲ್ಲೊಂದು ಗಿನಿ ಹುಲ್ಲು, ನಮ್ಮಲ್ಲಿ ಹಸುಗಳಿಗೆಂದು ತೋಟದ ಬದಿಯಲ್ಲಿ ಬೆಳೆಸುತ್ತೇವಲ್ಲ, ಅದೇ. ಆಫ್ರಿಕದ್ದು, ದನಕ್ಕೆಂದು ಅಲ್ಲಿಗೂ ಬಂದದ್ದು. ಲಾಹೈನಾದ ಸುತ್ತ ಮೊದಲು ಕಬ್ಬಿತ್ತು. ಪಯೋನಿಯರ್ ಮಿಲ್ ಎಂಬ ಸಕ್ಕರೆ ಕಾರ್ಖಾನೆ 1999ರಲ್ಲಿ ಮುಚ್ಚಿತು. ಗದ್ದೆ ಬೀಳುಬಿತ್ತು, ನೀರು ಹಾಯಿಸುವವರಿಲ್ಲ, ಹುಲ್ಲು ಆಳೆತ್ತರ ಬೆಳೆದು ಒಣಗಿ ನಿಂತಿತು. ಕಾರ್ಖಾನೆಯ ಚಿಮಣಿ ಬೆಂಕಿಯಲ್ಲೂ ಬೀಳದೆ ಉಳಿದಿದೆ, ಯಾವುದು ಉಳಿಯಬೇಕೆಂಬ ವಿವೇಚನೆ ಬೆಂಕಿಗೆ ಎಲ್ಲಿಂದ ಬರಬೇಕು! ಕಬ್ಬಿಗೂ ಮುಂಚೆ ಆ ಊರಿನ ನಡುವೆ ದೊಡ್ಡದೊಂದು ಕೊಳವಿತ್ತು, ಕೊಳದ ಮಧ್ಯದ ನಡುಗಡ್ಡೆಯಲ್ಲಿ ಮೂರನೆಯ ಕಮೇಹಮೇಹ ಅರಸನ ಮನೆಯಿತ್ತು. ಹಳ್ಳದ ನೀರನ್ನು ಕಬ್ಬಿಗೆ ತಿರುಗಿಸಿದ ಮೇಲೆ ಕೊಳ ಕೊಳೆತು ಸೊಳ್ಳೆಯ ತವರಾಯಿತು. 1914ರ ಸುಮಾರಿಗೆ ಮುಚ್ಚಿ ಚೆಂಡಾಟದ ಬಯಲು ಮಾಡಿದರು. ಸಂಪಂಗಿ ಕೆರೆಯನ್ನು ಕಂಠೀರವ ಕ್ರೀಡಾಂಗಣ ಮಾಡಿಕೊಂಡಿರುವ ನಾವು ಈ ವಿಷಯದಲ್ಲಿ ಯಾರಿಗೂ ಬುದ್ಧಿ ಹೇಳುವ ಹಾಗಿಲ್ಲ.

ಟೀವಿಯಲ್ಲಿ ಸುದ್ದಿ ಬಂದಾಗ ನಮ್ಮವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಮಗನಿಗೆ ಫೋನು ಮಾಡಿ ಕೇಳಿದ ಮೊದಲ ಮಾತು, "ಮರ ಉಂಟಾ?"

ನನಗೆ ಸಿಟ್ಟು ಬಂತು. ಅಷ್ಟು ಜನ ಸತ್ತಿದ್ದಾರೆ, ಇವಳಿಗೆ ಮರದ ಚಿಂತೆ! ಆದರೆ ಆಮೇಲೆ ನೋಡಿದರೆ ಲೋಕವೆಲ್ಲ ಮರವನ್ನೇ ಕೇಳುತ್ತಿತ್ತು. ಪತ್ರಿಕೆಗಳಲ್ಲಿ ಮರದ ಪಟ, ಟೀವಿಯಲ್ಲಿ ಮರದ ವೈದ್ಯರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೂಡ ಬೆಳಗಿನ ವಾಕಿಂಗಿನಲ್ಲಿ, "ನಿಮ್ಮ ಮರ ಹೇಗಿದೆ?" ಎಂದು, ಆಸ್ಪತ್ರೆಯಲ್ಲಿರುವ ಮಾವನನ್ನು ವಿಚಾರಿಸುವ ದನಿಯಲ್ಲಿ ಕೇಳತೊಡಗಿದರು. ಆ ಏಪ್ರಿಲ್‌ನಲ್ಲಷ್ಟೇ ನೂರೈವತ್ತು ವರ್ಷ ತುಂಬಿ ಹುಟ್ಟುಹಬ್ಬ ಆಚರಿಸಿದ್ದರು. ಈಗ ಟ್ಯಾಂಕರಿನಲ್ಲಿ ನೀರು ತಂದು ಹಾಕಿದರು, ಬಿಗಿದ ಮಣ್ಣು ಸಡಿಲಿಸಿ ಗೊಬ್ಬರ ಹಾಕಿದರು. ಸೆಪ್ಟೆಂಬರಿನಲ್ಲಿ ಚಿಗುರು ಕಾಣಿಸಿತು. ಮರದ ಸುಮಾರು ಅರ್ಧದಷ್ಟು ಸತ್ತುಹೋಗಿದೆ, ಸತ್ತದ್ದನ್ನು ಕಡಿದಿದ್ದಾರೆ, ಉಳಿದದ್ದು ಹಸುರಾಗಿದೆ. ಮಗ ಪಟ ಕಳಿಸಿದ. ನಮ್ಮವಳು ಕನ್ನಡಕ ಹಾಕಿಕೊಂಡು, ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿ ಕೊನೆಗೆ, "ಆ ಬೆಂಚಿಲ್ಲ" ಎಂದಳು.

ಆಗ ನನಗೆ ಅರ್ಥವಾದದ್ದು. ಅವಳು ಮರ ಕೇಳಿದ್ದು ಮರಕ್ಕಾಗಿ ಮಾತ್ರವಲ್ಲ. ಮುದುಕರನ್ನು ಕೇಳೋಣವೆಂದರೆ ಹೆಸರು ಗೊತ್ತಿಲ್ಲ. ಸತ್ತವರ ಪಟ್ಟಿ ಪತ್ರಿಕೆಯಲ್ಲಿ ಬಂತು, ವಯಸ್ಸಾದವರೇ ಹೆಚ್ಚು. ನಾವಿಬ್ಬರೂ ಅದನ್ನು ಓದಿದೆವು, ಓದಿ ಏನು ಉಪಯೋಗ? ಪಟ್ಟಿಯಲ್ಲಿ ಚಪ್ಪಲಿಗೆ ಬ್ರೆಡ್ಡಿನ ಕ್ಲಿಪ್ ಸಿಕ್ಕಿಸುವವರು ಎಂದು ಬರೆದಿರುವುದಿಲ್ಲ. ಪ್ರವಾಸಿಗರ ನಂಟೇ ಇಷ್ಟು. ಊರು ನಮ್ಮದೆಂದು ಕಂಡಕಂಡವರಿಗೆಲ್ಲ ಆಲ್ಬಂ ತೆಗೆದು ತೋರಿಸಿರುತ್ತೇವೆ, ಕಷ್ಟ ಬಂದಾಗ ಅಲ್ಲಿ ಹೆಸರು ಹಿಡಿದು ಕೇಳಲು ಒಬ್ಬರೂ ಇಲ್ಲ, ಮರವೊಂದನ್ನು ಬಿಟ್ಟರೆ.

ಬೆಂಕಿ ಬಿದ್ದು ಸರಿಯಾಗಿ ಎರಡು ತಿಂಗಳಿಗೆ, ಅಕ್ಟೋಬರ್ 8ರಿಂದ ಪ್ರವಾಸಿಗರು ಪಶ್ಚಿಮ ಮಾವಿಗೆ ಬರಬಹುದೆಂದು ಸರ್ಕಾರ ಹೇಳಿತು. ಈಗಲೇ ಬೇಡವೆಂದು ಸಾವಿರಾರು ಜನ ಸಹಿ ಹಾಕಿ ಮನವಿ ಕೊಟ್ಟರು. ಮನೆ ಕಳೆದುಕೊಂಡವರು ಇನ್ನೂ ಹೋಟೆಲು ಕೋಣೆಗಳಲ್ಲೇ ಇದ್ದರು. ಅದೇ ಹೋಟೆಲಿಗೆ ಈಜುಚಡ್ಡಿ ಹಾಕಿಕೊಂಡು ಹೂವಿನ ಅಂಗಿಯವರು ಬಂದರೆ ಏನನ್ನಿಸಬೇಡ? ಆದರೆ ಅಲ್ಲಿಯ ಜನಕ್ಕೆ ಕೆಲಸವೆಂದರೆ ಹೆಚ್ಚಾಗಿ ಬಂದವರಿಗೆ ಕೋಣೆ ಗುಡಿಸುವುದು, ಊಟ ಬಡಿಸುವುದು, ದೋಣಿ ನಡೆಸುವುದು. ಬಾರದಿದ್ದರೂ ಕಷ್ಟ. ಈ ಬಗ್ಗೆ ನಮ್ಮ ಜಗಲಿಯಲ್ಲಿ ಬಹಳ ಚರ್ಚೆಯಾಯಿತು. ಸಾವಿನ ಮನೆಗೆ ಕರೆಯದೆ ಹೋಗಬೇಕು, ಮದುವೆಮನೆಗೆ ಕರೆದರೆ ಮಾತ್ರ ಹೋಗಬೇಕು ಎಂದು ಮೇಷ್ಟ್ರು ಶಾಸ್ತ್ರ ಎತ್ತಿದರು. ಸರಿ, ಆದರೆ ಸಾವಿನ ಮನೆಗೆ ಹೋದವರು ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನುವುದಿಲ್ಲ, ಆ ಮನೆಯಲ್ಲಿ ತಿಂಡಿ ಕೇಳುವುದಿಲ್ಲ, ಬಾಲ್ಕನಿ ಇರುವ ಕೋಣೆಯೇ ಬೇಕು ಎಂದು ಹಟ ಹಿಡಿಯುವುದಂತೂ ಇಲ್ಲವೇ ಇಲ್ಲ. ಕೂತಷ್ಟು ಹೊತ್ತು ಸುಮ್ಮನೆ ಕೂತು ಎದ್ದು ಬರುತ್ತೇವೆ. ದುಡ್ಡು ಕೊಟ್ಟು ಹಾಗೆ ಸುಮ್ಮನೆ ಕೂತು ಬರುವ ಪ್ಯಾಕೇಜು ಯಾವ ಟ್ರಾವೆಲ್ಸ್‌ನಲ್ಲೂ ಇದ್ದ ಹಾಗಿಲ್ಲ. ಮೇಷ್ಟ್ರು ಬಹಳ ಯೋಚಿಸಿ, ಇದು ಶಾಸ್ತ್ರದಲ್ಲಿ ಇಲ್ಲ ಎಂದು ಒಪ್ಪಿಕೊಂಡು, ಕಾಫಿ ಕುಡಿದು ಹೋದರು.

ಮೊನ್ನೆ ಮಗ ಫೋನು ಮಾಡಿದ್ದ. ಮಕ್ಕಳ ರಜಕ್ಕೆ ಮಾವಿಗೆ ಹೋಗುವ ಯೋಚನೆಯಿದೆ, ಊರಿನಲ್ಲಿ ಮನೆಗಳು ಏಳುತ್ತಿವೆ, ಜೀಗುಜ್ಜೆ ಗಿಡಗಳನ್ನೂ ಮತ್ತೆ ನೆಡುತ್ತಿದ್ದಾರಂತೆ, ಹೋಗೋದೋ ಬೇಡವೋ ಗೊತ್ತಾಗುತ್ತಿಲ್ಲ ಎಂದ. ನಾನು ಮೇಲೆ ಬರೆದದ್ದನ್ನೆಲ್ಲ ಅವನಿಗೆ ವಿವರಿಸಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಮ್ಮವಳು ಫೋನು ಕಸಿದುಕೊಂಡಳು.

"ಹೋಗುವುದಾದ್ರೆ ಹೋಗಿ. ಆದ್ರೆ ಸುಟ್ಟ ಮನೆಯ ಎದುರು ನಿಂತು ಫೋಟೋ ತೆಗಿಬೇಡಿ. ಮಕ್ಕಳಿಗೆ ಗಲಾಟೆ ಮಾಡ್ಲಿಕ್ಕೆ ಬಿಡ್ಬೇಡ. ಊಟ ಅಲ್ಲಿಯವರ ಅಂಗಡಿಯಲ್ಲೇ ಮಾಡಿ. ಏನಾದ್ರೂ ತಗೊಳ್ಳಿ, ಬೇಡದಿದ್ರೂ ತಗೊಳ್ಳಿ. ಮತ್ತೆ ನೋಡು, ಯಾರ ಹತ್ರವೂ ಚೌಕಾಸಿ ಮಾಡ್ಬೇಡ!"

ಗಾಂಧಿಬಜಾರಿನಲ್ಲಿ ಕೊತ್ತಂಬರಿ ಸೊಪ್ಪಿನವಳು ದೂರದಿಂದ ಇವಳನ್ನು ಕಂಡೊಡನೆ ಕಟ್ಟು ದಪ್ಪ ಮಾಡುತ್ತಾಳೆ. ನಾನು ಬಾಯಿ ತೆರೆದುಕೊಂಡು ನೋಡಿದೆ. ಆ ಕಡೆಯಿಂದ ಮಗ ನಕ್ಕಿದ್ದು ನನಗೂ ಕೇಳಿಸಿತು.

"ಅಮ್ಮ, ಅಲ್ಲೆಲ್ಲ ಫಿಕ್ಸೆಡ್ ರೇಟು."

"ಆದ್ರೂ" ಎಂದಳು.